ಲ್ಯೂಬೆನ್ನನ ಕೀಲಿ

ಹೊಸ ವ್ಯವಸ್ಥೆ ಶುರುವಾದ ಚಳಿಗಾಲದಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ರೂಸೆ ಊರಿನ ಫೋನುಗಳು ಹಾಡುಹಗಲಲ್ಲೇ ಮೂಕವಾಗತೊಡಗಿದವು. ಮಾತಿನ ಮಧ್ಯೆ ಕರೆ ಕಡಿದುಹೋಗುತ್ತಿತ್ತು. ಮತ್ತೆ ಹಚ್ಚಿದರೆ ಒಂದು ಸದ್ದೂ ಇಲ್ಲ. ಕಾಲು ಗಂಟೆಯೋ ಅರ್ಧ ಗಂಟೆಯೋ ಹೀಗಿದ್ದು, ಯಾರೂ ಏನೂ ಮಾಡದೆ ತಾನಾಗಿಯೇ ಸರಿಹೋಗುತ್ತಿತ್ತು. ಕೆಡುವುದಕ್ಕಿಂತ ಹೀಗೆ ತಾನಾಗಿ ಸರಿಹೋಗುವುದೇ ನೆವೆನಾಳನ್ನು ಹೆಚ್ಚು ಕಾಡುತ್ತಿತ್ತು. ಕೆಟ್ಟು ಕೂತದ್ದನ್ನು ಬಿಚ್ಚಿ ನೋಡಬಹುದು. ಕೆಟ್ಟು, ನಾವು ಹತ್ತಿರ ಹೋಗುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಮುಖ ಮಾಡಿ ನಿಂತದ್ದನ್ನು ಏನು ಮಾಡುವುದು?

ನೆವೆನಾ ನಮ್ಮ ಫೋನ್ ಕಂಪನಿಯಲ್ಲಿ ಕರೆ ಜೋಡಿಸುವ ವಿಭಾಗದ ಮುಖ್ಯಸ್ಥೆ. ಹಿಂದೆಲ್ಲ ಆ ಕೆಲಸವನ್ನು ಕಚೇರಿಯ ಎರಡನೇ ಮಹಡಿಯ ಹಜಾರದಲ್ಲಿ ಸಾಲಾಗಿ ನಿಂತ ಕಬ್ಬಿಣದ ಕಪಾಟುಗಳು ಮಾಡುತ್ತಿದ್ದವು. ಈಗ ಅದೇ ಕೆಲಸವನ್ನು ಚಿಕ್ಕಚಿಕ್ಕ ಪ್ರೋಗ್ರಾಂಗಳಾಗಿ ಒಡೆದು, ರಾಜಧಾನಿ ಸೋಫಿಯಾದಲ್ಲಿ, ಇನ್ನೆಲ್ಲೆಲ್ಲೋ ಇರುವ ಬಾಡಿಗೆ ಯಂತ್ರಗಳ ಮೇಲೆ ಹರಡಿದ್ದರು. ಒಂದು ಸತ್ತರೆ ಅದರ ಜಾಗದಲ್ಲಿ ಇನ್ನೊಂದು ಹುಟ್ಟುತ್ತದೆ. ಕರೆಗಳು ಹೆಚ್ಚಾದರೆ ಅವೂ ಹೆಚ್ಚುತ್ತವೆ. ಇದಕ್ಕೆ ಕ್ಲೌಡ್ ಎಂದು ಹೆಸರು. ನಾವು ಮೋಡ ಎನ್ನುತ್ತಿದ್ದೆವು. ಈ ಚಿಕ್ಕವನ್ನೆಲ್ಲ ಕಾಯುವುದಕ್ಕೆ ಒಂದು ದೊಡ್ಡ ಪ್ರೋಗ್ರಾಂ ಇತ್ತು. ಅದು ಸದಾ ಒಂದೊಂದರ ಬಾಗಿಲು ತಟ್ಟಿ ಇದ್ದೀಯಾ ಎಂದು ಕೇಳುವುದು. ಉತ್ತರ ಬಾರದಿದ್ದರೆ ಆ ಬಾಡಿಗೆದಾರನನ್ನು ಹೊರಗೆ ಹಾಕಿ ಹೊಸಬನನ್ನು ತಂದು ಕೂರಿಸುವುದು. ಬಹುಮಹಡಿ ಕಟ್ಟಡಗಳಲ್ಲೇ ಹುಟ್ಟಿ ಬೆಳೆದ ನಮಗೆ ಅದಕ್ಕೊಂದು ಹೆಸರು ಹುಡುಕಬೇಕಾಗಲಿಲ್ಲ. ವಠಾರದ ಯಜಮಾನ ಎಂದೇ ಕರೆದೆವು.

ಇದನ್ನೆಲ್ಲ ಕೂರಿಸಿಕೊಟ್ಟವನು ಯಾವೊರ್ ಮಿಂಚೆವ್, ಸೋಫಿಯಾದಿಂದ ಬಂದ ಸಲಹೆಗಾರ. ಚೊಕ್ಕ ಗಡ್ಡ, ಮೆದು ಮಾತು. ಕರೆ ಸತ್ತ ದಿನಗಳಲ್ಲೂ ಅವನ ದನಿ ಏರುತ್ತಿರಲಿಲ್ಲ.

ಇದನ್ನು ಬೇಡವೆಂದವನು ಲ್ಯೂಬೆನ್ ಕರಾಜೊವ್. ಕಪಾಟುಗಳ ಹಜಾರ ಅವನದು. ಕೂದಲು ಕಪ್ಪಗಿದ್ದಾಗ ಅಲ್ಲಿಗೆ ಬಂದವನು ಅಲ್ಲೇ ಬೆಳ್ಳಗಾಗಿದ್ದ. ಹಳೆಯದರಿಂದ ಹೊಸದಕ್ಕೆ ಗಿರಾಕಿಗಳ ಸಂಖ್ಯೆಗಳನ್ನು ದಾಟಿಸುವ ಕೆಲಸ ಅವನಿಗೇ ಬಿದ್ದದ್ದರಿಂದ ಹೊಸ ವ್ಯವಸ್ಥೆಯ ಕೀಲಿಯೂ ಅವನ ಬಳಿ ಇತ್ತು. ಕೀಲಿ ಎಂದರೆ ಕಬ್ಬಿಣದ್ದಲ್ಲ. ಕಂಪ್ಯೂಟರಿನಲ್ಲಿ ಅವನ ಹೆಸರಿಗೆ ಕೊಟ್ಟ ಅಪ್ಪಣೆ. ಅದಿದ್ದವರು ಯಜಮಾನನಿಗೇ ಆಜ್ಞೆ ಕೊಡಬಹುದು.

ಮೊದಲ ಸಭೆಯಲ್ಲೇ ಅವನು ಯಾವೊರ್‌ಗೆ ಹೇಳಿದ್ದ: “ಮೋಡ ನೋಡಿ ಕೊಡದ ನೀರು ಚೆಲ್ಲೋ ಜಾತಿ ನಮ್ದಲ್ಲಪ್ಪ. ಮಳೆ ಬರ್ಲಿ, ಆಮೇಲೆ ನೋಡೋಣ.”

“ಮಳೆ ಬಂದಾಗ ನಿಮ್ಮ ಕಪಾಟು ತುಕ್ಕು ಹಿಡಿಯುತ್ತೆ, ಸರ್,” ಎಂದಿದ್ದ ಯಾವೊರ್. ಎಲ್ಲರೂ ನಕ್ಕಿದ್ದರು. ಲ್ಯೂಬೆನ್ ಕೂಡ ನಕ್ಕಿದ್ದ, ಸ್ವಲ್ಪ ತಡವಾಗಿ.

ನೆವೆನಾಳಿಗೆ ಅವನು ಬರಿಯ ಸಹೋದ್ಯೋಗಿಯಲ್ಲ. ಅವಳ ಮದುವೆಯಲ್ಲಿ ಅವಳ ಮತ್ತು ಗಂಡ ಕಾಮೆನ್‌ನ ತಲೆಗಳ ಮೇಲೆ ಕಿರೀಟ ಹಿಡಿದು ನಿಂತ ಧರ್ಮಪಿತ, ನಮ್ಮ ಮಾತಿನಲ್ಲಿ ಕುಮ್, ಕರೆಯುವಾಗ ಕುಮೆ. ಹೆತ್ತ ತಂದೆಗೆ ಎದುರಾಡಿದವರೂ ಕುಮ್‌ಗೆ ಎದುರಾಡುವುದಿಲ್ಲ. ಮಗಳಿಗೆ ಹೆಸರಿಟ್ಟವನೂ ಅವನೇ.

ಜನವರಿಯ ಕೊನೆಗೆ ಒಂದು ಬೆಳಿಗ್ಗೆ ಫೋನು ಸತ್ತಾಗ ಹತ್ತಿರದ ಹಳ್ಳಿ ದ್ವೆ ಮೊಗಿಲಿಯಲ್ಲಿ ಒಬ್ಬರ ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಬಿತ್ತು. ಅಗ್ನಿಶಾಮಕದವರಿಗೆ ಕರೆ ಹೋಗಲಿಲ್ಲ. ಜನಕ್ಕೆ ಏನೂ ಆಗಲಿಲ್ಲ, ಆಡುಗಳು ಸತ್ತವು. ಕೊಟ್ಟಿಗೆಯ ಮುದುಕಿ ಮರುದಿನ ಕಚೇರಿಗೆ ಬಂದು ಕೆಳಗಿನ ಸೋಫಾದ ಮೇಲೆ ಸುಮ್ಮನೆ ಕೂತುಬಿಟ್ಟಳು. ಬೈಯಲಿಲ್ಲ, ಅಳಲಿಲ್ಲ. ಅವಳ ಕೋಟಿನ ಹೊಗೆಯ ವಾಸನೆ ಮೆಟ್ಟಿಲು ಹತ್ತಿ ಮೇಲಿನವರೆಗೂ ಬಂತು.

ಅದೇ ಮಧ್ಯಾಹ್ನ ನಿರ್ದೇಶಕಿ ಸ್ನೆಝಾನಾ ದೊಬ್ರೆವಾ ನೆವೆನಾಳನ್ನು ಕರೆಸಿದಳು. ಕೋಣೆಯಲ್ಲಿ ಯಾವೊರ್ ಆಗಲೇ ಕೂತಿದ್ದ.

“ನಮ್ಮದು ಸರಿಯಾಗಿದೆ,” ಎಂದ ಅವನು. “ಚಿಕ್ಕ ಪ್ರೋಗ್ರಾಂಗಳು ತಾವಾಗೇ ಸಾಯ್ತಿಲ್ಲ. ಯಜಮಾನ ಅವನ್ನ ಕೊಲ್ತಿದ್ದಾನೆ. ಒಂದರ ಹಿಂದೆ ಒಂದು, ಆರೋಗ್ಯವಾಗಿರೋವನ್ನ. ಯಾರೋ ಒಳಗಿಂದ ಆಟ ಆಡ್ತಿದ್ದಾರೆ ಅಂತ ನನಗನ್ಸುತ್ತೆ.”

“ಯಾರೋ ಅಂದ್ರೆ?” ಎಂದಳು ನೆವೆನಾ.

ಸ್ನೆಝಾನಾ ಕಿಟಕಿಯ ಕಡೆ ನೋಡುತ್ತ ಹೇಳಿದಳು: “ಇದು ಸೋತ್ರೆ ಯಾರಿಗೆ ಖುಷಿ, ನೀನೇ ಹೇಳು. ನಾನು ಹೆಸರು ಹೇಳಲ್ಲ. ಅವ್ನು ನಿನ್ನ ಕುಮ್. ನೀನು ಅವ್ನ ಮನೆಯೋಳ ಥರ. ನಿನಗಾದ್ರೆ ಗೊತ್ತಾಗುತ್ತೆ. ಸ್ವಲ್ಪ ಕಣ್ಣಿಟ್ಟಿರು. ಮತ್ತೆ ಅವ್ನ ಕೀಲಿ ತೆಗೆದುಬಿಡು. ಗಲಾಟೆ ಬೇಡ, ಹೇಳೋದೂ ಬೇಡ.”

“ಕೇಳಿದ್ರೆ?”

“ಎಲ್ಲರದ್ದೂ ಹೊಸದು ಮಾಡ್ತಿದ್ದೀವಿ ಅನ್ನು.”

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಅವಳ ಮೂಗಿನಲ್ಲಿ ಆ ಹೊಗೆಯ ವಾಸನೆ ಇನ್ನೂ ಇತ್ತು. ಜೊತೆಗೆ, ಯಾವೊರ್ ಬಾಯಿ ತೆರೆಯುವ ಮೊದಲೇ ತನ್ನ ಮನಸ್ಸಿಗೂ ಅದೇ ಹೆಸರು ಬಂದಿತ್ತು ಎಂಬುದು ಅವಳಿಗೆ ಗೊತ್ತಿತ್ತು.

ಕಣ್ಣಿಡಲು ಹೊರಟ ಮೇಲೆ ಕಾಣದಿರುವುದು ಯಾವುದು? ಲ್ಯೂಬೆನ್ ಊಟದ ಹೊತ್ತಿಗೆ ಹಜಾರದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಮೊದಲೂ ಹಾಕಿಕೊಳ್ಳುತ್ತಿದ್ದನೋ ಏನೋ, ಅವಳು ಗಮನಿಸಿರಲಿಲ್ಲ. ಹೊರಗೆ ಬಂದಾಗ ತೋಳಿಗೆ ಧೂಳು, ಕೈಯಲ್ಲಿ ತರಕಾರಿ ಚೀಲ, ಚೀಲದೊಳಗೆ ಚೌಕನೆಯದೇನೋ. ಫೋನು ಬಂದರೆ ಮೆಟ್ಟಿಲ ಕಡೆಗೆ ನಡೆದುಬಿಡುತ್ತಿದ್ದ. ಅವಳು ಹತ್ತಿರ ಬಂದರೆ ಮಾತು ಬದಲಾಗುತ್ತಿತ್ತು. ಅಥವಾ ಬದಲಾದಂತೆ ಅವಳಿಗೆ ಕೇಳುತ್ತಿತ್ತು.

ಒಂದು ಸಂಜೆ ಅವಳು ಅವನ ಹಿಂದೆಯೇ ನಡೆದಳು. ಮನೆಯ ದಾರಿ ಬಿಟ್ಟು ಅವನು ಡ್ಯಾನ್ಯೂಬ್ ದಂಡೆಗೆ ಇಳಿದ. ಅಲ್ಲಿ ಆಚೆ ದಡದ ದೇಶ ರುಮೇನಿಯಾದ ನಂಬರಿನ ಒಂದು ಬಿಳಿ ವ್ಯಾನು ನಿಂತಿತ್ತು. ಅದರಿಂದ ಇಳಿದ ದಪ್ಪ ಮನುಷ್ಯ ಲ್ಯೂಬೆನ್ನನನ್ನು ತಬ್ಬಿಕೊಂಡು ಚೀಲ ತೆಗೆದುಕೊಂಡ, ಒಳಗೆ ಇಣುಕಿ ನೋಡಿದ, ತಲೆಯಾಡಿಸಿದ. ಚಳಿಗಾಲಕ್ಕೆ ಮುಚ್ಚಿದ್ದ ಐಸ್‌ಕ್ರೀಮ್ ಗೂಡಂಗಡಿಯ ಮರೆಯಲ್ಲಿ ನೆವೆನಾ ನಿಂತಿದ್ದಳು. ದಂಡೆಯಲ್ಲಿ ಆಗಾಗ ಆಗುವಂತೆ ಅವಳ ಫೋನು ಆಚೆ ದಡದ ಗೋಪುರಕ್ಕೆ ಜಿಗಿದು, ರುಮೇನಿಯಾಕ್ಕೆ ಸ್ವಾಗತ ಎಂದು ಮಿಡಿಯಿತು. ಅವಳು ಬೆಚ್ಚಿ ಅದನ್ನು ಎದೆಗೆ ಒತ್ತಿಹಿಡಿದಳು.

ಮನೆಯಲ್ಲಿ ಕಾಮೆನ್‌ಗೆ ಹೇಳಿದಳು.

“ಕೇಳಿಬಿಡು ಅವರನ್ನೇ,” ಎಂದ ಅವನು.

“ಏನಂತ ಕೇಳ್ಲಿ? ನೀವು ಕಳ್ಳರಾ ಅಂತಾನಾ?”

“ಚೀಲದಲ್ಲಿ ಏನಿತ್ತು ಅಂತ.”

“ನಿನಗೆ ಅರ್ಥ ಆಗಲ್ಲ,” ಎಂದಳು. ಆದರೆ ಅವನಿಗೆ ಅರ್ಥವಾಗಿತ್ತು. ಅವಳಿಗೆ ಬೇಕಿದ್ದದ್ದು ಉತ್ತರವಲ್ಲ.

ಮರುದಿನ ಬೆಳಿಗ್ಗೆ ಅವಳು ಲ್ಯೂಬೆನ್ನನ ಕೀಲಿ ತೆಗೆದಳು. ಅವನ ಹೆಸರಿನ ಮುಂದಿದ್ದ ಗುರುತನ್ನು ಅಳಿಸುವುದು, ಅಷ್ಟೇ. ಚಹಾ ಆರುವ ಮೊದಲೇ ಅವನು ಅವಳ ಮೇಜಿನ ಹತ್ತಿರ ಬಂದು ನಿಂತ.

“ಹುಡುಗಿ, ನನ್ನನ್ನ ಒಳಗೆ ಬಿಡ್ತಿಲ್ಲ ನಿನ್ನ ಮೋಡ. ಸ್ವಲ್ಪ ನೋಡ್ತೀಯಾ?”

“ಎಲ್ಲರದ್ದೂ ಹೊಸದು ಮಾಡ್ತಿದ್ದಾರೆ, ಕುಮೆ. ಸ್ವಲ್ಪ ದಿನ ಆಗುತ್ತೆ.”

“ಎಲ್ಲರದ್ದಾ?”

“ಎಲ್ಲರದ್ದೂ.”

ಅವನು ಅವಳ ಪರದೆಯ ಕಡೆ ನೋಡಿದ. ಅಲ್ಲಿ ಅವಳ ಕೀಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. “ಸರಿ,” ಎಂದು ಹೊರಟುಹೋದ.

ಅದಾದ ಮೇಲೆ ಕೆಲವು ದಿನ ಎಲ್ಲವೂ ನೆಟ್ಟಗಿತ್ತು. ಆಕಾಶ ತಿಳಿಯಾಗಿತ್ತು, ಫೋನುಗಳು ಬಾಯಿಬಿಟ್ಟು ಮಾತಾಡುತ್ತಿದ್ದವು. ಸ್ನೆಝಾನಾ ಕಾರಿಡಾರಿನಲ್ಲಿ ಎದುರಾದಾಗ ನೆವೆನಾಳ ಭುಜ ತಟ್ಟಿ ಹೋದಳು. ಹಾಗಾದರೆ ಲ್ಯೂಬೆನ್ನನೇ ಎಂದುಕೊಂಡಳು ನೆವೆನಾ.

ಆಮೇಲೆ ಫೋನುಗಳು ಮತ್ತೆ ಸತ್ತವು. ಹಿಂದೆಂದಿಗಿಂತಲೂ ಹೆಚ್ಚು ಹೊತ್ತು.

ಈ ಸಲ ಸ್ನೆಝಾನಾಳ ಕೋಣೆಯಲ್ಲಿ ಕುರ್ಚಿ ಕೊಡಲಿಲ್ಲ. ಯಾವೊರ್ ಅದೇ ಮೆದು ದನಿಯಲ್ಲಿ ಕೇಳಿದ: “ಆ ಹೊತ್ತಿಗೆ ಒಳಗಿದ್ದದ್ದು ಒಂದೇ ಹೆಸರು. ನಿಮ್ಮದು. ಏನು ಮಾಡ್ತಿದ್ರಿ?”

“ನೋಡ್ತಿದ್ದೆ. ನನ್ನ ಕೆಲಸ ಅದು.”

“ಬರೀ ನೋಡ್ತಿದ್ರಾ?”

“ಕುಮ್ ಕಡೆಯೋರು ಕುಮ್ ಕೈ ಬಿಡಲ್ಲ ಅನ್ನೋದು ನನಗೂ ಗೊತ್ತು,” ಎಂದಳು ಸ್ನೆಝಾನಾ. “ಒಳ್ಳೇ ಗುಣಾನೇ. ಆದ್ರೆ ಆಫೀಸಲ್ಲಿ ಬೇಡ.”

ನೆವೆನಾ ಬಾಯಿ ತೆರೆದಳು. ಲ್ಯೂಬೆನ್ನನ ಕೀಲಿ ತೆಗೆದವಳು ತಾನೇ, ಈಗ ಅವನ ಪರವಾಗಿ ಕಿಡಿಗೇಡಿತನ ಮಾಡುವವಳೂ ತಾನೇ. ಎರಡೂ ಒಟ್ಟಿಗೆ ಹೇಗಾಗುತ್ತದೆ ಎಂದು ಕೇಳಬೇಕೆನಿಸಿತು. ಕೇಳಿದರೆ ಕೇಳಿದ್ದೂ ತಪ್ಪಿನಂತೆ ಕಾಣುತ್ತದೆ ಎನಿಸಿ ಬಾಗಿಲ ಕಡೆ ತಿರುಗಿದಳು. ಅವಳು ಹೊರಬಂದಾಗ ಪಕ್ಕದ ಮೇಜಿನ ಹುಡುಗಿಯರ ಮಾತು ನಿಂತಿತು. ನಿಂತಿತೋ, ಮುಗಿದಿತ್ತೋ.

ಎರಡು ದಿನ ಬಿಟ್ಟು ಕ್ಯಾಂಟೀನಿನಲ್ಲಿ ಲ್ಯೂಬೆನ್ ತನ್ನ ಕರುಳಿನ ಸೂಪಿನ ಬಟ್ಟಲು ತಂದು ಅವಳೆದುರು ಕೂತ. ವಿನೆಗರ್ ಹಾಕಿಕೊಂಡ, ಬೆಳ್ಳುಳ್ಳಿ ಹಾಕಿಕೊಂಡ, ಕಲಕಿದ.

“ನಿನ್ನೆ ಡೈರೆಕ್ಟರಮ್ಮ ಕರೆದಿದ್ರು.”

“ಏನಂತೆ?”

“ನಿನ್ನ ಮೇಲೆ ಕಣ್ಣಿಡ್ಬೇಕಂತೆ. ನೀನು ನನ್ನ ಮನೆಯೋಳ ಥರ ಅಲ್ವಾ, ನನಗಾದ್ರೆ ಗೊತ್ತಾಗುತ್ತಂತೆ.” ಅವನು ಸೂಪು ಊದಿದ. “ಕೀಲಿ ಇಲ್ಲದೋನು ನಾನೊಬ್ನೇ ನೋಡು. ಹಾಗಾಗಿ ಸದ್ಯಕ್ಕೆ ಈ ಕಟ್ಟಡದಲ್ಲಿ ನಾನೇ ಸಾಚಾ.”

ನೆವೆನಾ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟಳು. ಅದೇ ಮಾತು, ಒಂದಕ್ಷರ ಆಚೀಚೆಯಿಲ್ಲದೆ. ಅವನು ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ, ಅವಸರವಿಲ್ಲದೆ, ಏನನ್ನೋ ಕಾಯುತ್ತಿರುವವನಂತೆ. ಹೇಳುವುದಾದರೆ ಅದೇ ಗಳಿಗೆ. ನನ್ನನ್ನೂ ಕರೆದಿದ್ದರು ಕುಮೆ, ನಿಮ್ಮ ಕೀಲಿ ತೆಗೆದದ್ದು ನಾನೇ. ಅಷ್ಟು ಸಾಕಿತ್ತು.

“ಆ ಹೆಂಗಸಿಗೆ ತಲೆ ಕೆಟ್ಟಿದೆ,” ಎಂದಳು.

“ಹೂಂ,” ಎಂದು ಅವನು ಸೂಪು ಕುಡಿಯತೊಡಗಿದ.

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುವಾಗ ಒಂದು ತೀರ್ಮಾನಕ್ಕೆ ಬಂದಿದ್ದಳು. ನೇರ ಯಾವೊರ್ ಹತ್ತಿರ ಹೋಗಿ, “ನನ್ನನ್ನು ನಂಬಲ್ಲ ಅಲ್ವಾ? ಹಾಗಾದ್ರೆ ಪಕ್ಕದಲ್ಲೇ ಕೂತ್ಕೊಳಿ. ಬೆಳಿಗ್ಗೆಯಿಂದ ಸಾಯಂಕಾಲದ ತನಕ. ನನ್ನ ಕೈ ಮೇಜಿನ ಮೇಲೆ ಇರುತ್ತೆ,” ಎಂದಳು.

ಅವನು ಒಪ್ಪಿದ. ಒಪ್ಪಿದ ರೀತಿ ನೋಡಿದರೆ ತಾನೇ ಅದನ್ನು ಕೇಳಬೇಕೆಂದಿದ್ದವನಂತಿತ್ತು. ಅವಳು ಕೈಗಳನ್ನು ಮೇಜಿನ ಮೇಲಿಟ್ಟು ಕೂತಳು. ಅವನು ಕುರ್ಚಿ ಎಳೆದುಕೊಂಡು ಕೂತ. ಹೊರಗೆ ಒಳ್ಳೆಯ ಬಿಸಿಲು. ಪರದೆಯ ಮೇಲೆ ಹಸಿರು ಚುಕ್ಕಿಗಳು ಶಾಂತವಾಗಿ ಮಿನುಗುತ್ತಿದ್ದವು, ಒಂದೂ ಸಾಯಲಿಲ್ಲ. ಸಂಜೆ ಅವನು ಲ್ಯಾಪ್‌ಟಾಪ್ ಮಡಚುತ್ತ ಹೇಳಿದ: “ನೋಡಿದ್ರಲ್ಲ. ನೀವು ಮುಟ್ಟದಿದ್ರೆ ಏನೂ ಆಗಲ್ಲ.”

“ನಾಳೆನೂ ಬನ್ನಿ,” ಎಂದಳು. “ನಾಡಿದ್ದೂ ಬನ್ನಿ.”

ಮರುದಿನವೂ ಏನೂ ಆಗಲಿಲ್ಲ. ಅದರ ಮರುದಿನ ಬೆಳಿಗ್ಗೆ ಎದ್ದರೆ ಕಿಟಕಿಯಾಚೆ ಏನೂ ಇಲ್ಲ. ಡ್ಯಾನ್ಯೂಬಿನ ಮಂಜು ಊರನ್ನು ನುಂಗಿಬಿಟ್ಟಿತ್ತು. ರೂಸೆಯವರಿಗೆ ಇದು ಹೊಸದಲ್ಲ. ಇಂಥ ದಿನ ಸೇತುವೆ ಮುಚ್ಚುತ್ತಾರೆ, ಎರಡೂ ದಡಗಳಲ್ಲಿ ಲಾರಿಗಳು ಮೈಲುಗಟ್ಟಲೆ ನಿಲ್ಲುತ್ತವೆ, ಜನ ಬೈದುಕೊಂಡು ಕಾಫಿ ಕುಡಿಯುತ್ತಾರೆ. ನೆವೆನಾ ಕೈಗಳನ್ನು ಮೇಜಿನ ಮೇಲಿಟ್ಟು ಕೂತಳು. ಹೊತ್ತೇರಿದ ಮೇಲೆ ಮಂಜು ಹರಿಯತೊಡಗಿತು. ಸೇತುವೆಯ ಕಡೆಯಿಂದ ಲಾರಿಗಳ ಹಾರ್ನು ಒಂದಾದ ಮೇಲೊಂದು ಕೇಳಿತು, ತಡೆ ತೆಗೆದಿದ್ದರು.

ಪರದೆಯ ಮೇಲೆ ಒಂದು ಹಸಿರು ಚುಕ್ಕಿ ಕೆಂಪಾಯಿತು. ಅದರ ಪಕ್ಕದ್ದೂ ಕೆಂಪಾಯಿತು.

“ಕೈ,” ಎಂದಳು ನೆವೆನಾ. “ನನ್ನ ಕೈ ನೋಡಿ.”

ಯಾವೊರ್ ಅವಳ ಕೈ ನೋಡಿದ, ಪರದೆ ನೋಡಿದ. ಅವನ ದನಿ ಮೊದಲ ಸಲ ಏರಿತು: “ಸುಮ್ನಿರಿ. ಏನೂ ಮಾಡ್ಬೇಡಿ. ನೋಡೋಣ.”

ಇಬ್ಬರೂ ನೋಡಿದರು. ಸೇತುವೆಯ ಬಾಯಲ್ಲಿ, ದಂಡೆಗಳ ಮೇಲೆ ಅಷ್ಟು ಹೊತ್ತು ಆಚೆ ದಡದ ಗೋಪುರಗಳಿಗೆ ಅಂಟಿಕೊಂಡಿದ್ದ ಸಾವಿರಾರು ಫೋನುಗಳು ಒಮ್ಮೆಲೇ ನಮ್ಮ ಕಡೆಗೆ ಮರಳುತ್ತಿದ್ದವು. ಮರಳಿದವರೆಲ್ಲ ಹೊರಟೆ, ಬಂದೆ ಎಂದು ಮನೆಗೆ, ಕಚೇರಿಗೆ ಕರೆ ಮಾಡುತ್ತಿದ್ದರು. ಅವರ ಹೆಸರು ಬರೆದುಕೊಳ್ಳುವ ಚಿಕ್ಕ ಪ್ರೋಗ್ರಾಂಗಳಿಗೆ ಉಸಿರಾಡಲು ಬಿಡುವಿಲ್ಲ. ಅಷ್ಟರಲ್ಲಿ ಯಜಮಾನ ಬಂದು ಬಾಗಿಲು ತಟ್ಟುತ್ತಾನೆ. ಕೈತುಂಬ ಕೆಲಸವಿದ್ದವನು ಒಂದು ಕ್ಷಣ ತಡವಾಗಿ ಓ ಎನ್ನುತ್ತಾನೆ. ಅಷ್ಟರಲ್ಲಿ ಅವನನ್ನು ಹೊರಗೆ ಹಾಕಿಯಾಗಿರುತ್ತದೆ. ಅವನ ಹೊರೆ ನೆರೆಯವನ ತಲೆಗೆ. ನೆರೆಯವನೂ ತಡಮಾಡುತ್ತಾನೆ, ಅವನೂ ಹೊರಗೆ. ಹೊಸದಾಗಿ ಬಂದವನು ಚಪ್ಪಲಿ ಬಿಡುವ ಮೊದಲೇ ಅವನ ಬಾಗಿಲೂ ತಟ್ಟುತ್ತದೆ. ಕೊನೆಗೆ ಕರೆ ಮಾಡುವವರೇ ಸೋತು ಕೈಬಿಟ್ಟಾಗ ಹೊರೆ ಇಳಿದು, ಎಲ್ಲವೂ ಮತ್ತೆ ಹಸಿರಾಗುತ್ತದೆ.

ಯಾರೂ ಆಟ ಆಡಿರಲಿಲ್ಲ. ಫೋನು ಸತ್ತ ದಿನಗಳೆಲ್ಲ ಮಂಜು ಹರಿದ ದಿನಗಳು. ಯಜಮಾನ ಎಷ್ಟು ಹೊತ್ತು ಕಾಯಬೇಕು ಎಂದು ಯಾವೊರ್ ಬರೆದಿದ್ದ ಲೆಕ್ಕ, ಅವನು ಹಿಂದೆ ಬೂಟು ಮಾರುವ ಒಂದು ಆನ್‌ಲೈನ್ ಅಂಗಡಿಗೆ ಬರೆದಿದ್ದರ ನಕಲು. ಅಲ್ಲಿ ಮಂಜು ಇಳಿಯುತ್ತಿರಲಿಲ್ಲ.

“ಇದು ನನ್ನದು,” ಎಂದ ಯಾವೊರ್. ಕತ್ತಿನವರೆಗೂ ಕೆಂಪಾಗಿದ್ದ. “ನಾನೇ ಹೋಗಿ ಹೇಳ್ತೀನಿ.”

ಹೇಳಿದ ಕೂಡ, ಅದನ್ನು ಒಪ್ಪಬೇಕು. ಕಾಯುವ ಹೊತ್ತು ಹೆಚ್ಚಿಸಿದರು. ಹೊಸಬರಿಗೆ ನೆಲೆಯೂರಲು ಸಮಯ ಕೊಟ್ಟರು. ಮುಂದಿನ ಮಂಜಿಗೆ ಫೋನುಗಳು ಸಾಯಲಿಲ್ಲ.

ನೆವೆನಾ ನಿರ್ದೇಶಕಿಯ ಕೋಣೆಗೆ ಹೋಗಿ, “ಲ್ಯೂಬೆನ್ ಅವರ ಕೀಲಿ ವಾಪಸ್ ಕೊಡ್ತೀನಿ,” ಎಂದಳು.

“ಯಾಕೆ?” ಎಂದಳು ಸ್ನೆಝಾನಾ, ಕಾಗದದಿಂದ ತಲೆ ಎತ್ತದೆ. “ವಸಂತಕ್ಕೆ ಆ ಹಜಾರ ಖಾಲಿ ಮಾಡ್ತೀವಿ. ಅವ್ರ ಕೆಲ್ಸಾನೂ ಅಲ್ಲಿಗೆ ಮುಗೀತು. ಈಗ ಕೊಟ್ಟು ಆಮೇಲೆ ಕಿತ್ಕೊಳ್ಳೋದು ಚೆನ್ನಾಗಿರಲ್ಲ. ಹಾಗೇ ಇರ್ಲಿ.”

ಕಾರಿಡಾರಿನಲ್ಲಿ ನಡೆಯುತ್ತ ನೆವೆನಾಳಿಗೆ ಒಂದು ಯೋಚನೆ ಬಂದು ಕಾಲು ನಿಂತಿತು. ಈ ಹೆಂಗಸು ಯಾವತ್ತಾದರೂ ಲ್ಯೂಬೆನ್ನನನ್ನು ನಿಜವಾಗಿ ಅನುಮಾನಿಸಿದ್ದಳೇ? ಅಥವಾ ಕೀಲಿ ಹೋಗಲಿ ಎಂದಷ್ಟೇ ಇತ್ತೇ?

ಆ ವಾರದ ಕೊನೆಗೆ ಪ್ರೊಶ್ಕಾ ಭಾನುವಾರ ಬಂತು. ಉಪವಾಸ ಶುರುವಾಗುವ ಮೊದಲು ಕಿರಿಯರು ಹಿರಿಯರ ಮನೆಗೆ, ಎಲ್ಲಕ್ಕೂ ಮೊದಲು ಕುಮ್‌ನ ಮನೆಗೆ ಹೋಗಿ ಕ್ಷಮೆ ಕೇಳುವ ದಿನ. ಹೋಗದೆ ಇರುವಂತಿಲ್ಲ. ನೆವೆನಾ, ಕಾಮೆನ್ ಮಗಳನ್ನು ಕರೆದುಕೊಂಡು, ಹಲ್ವಾ, ಕಿತ್ತಳೆ ಹಿಡಿದು ಲ್ಯೂಬೆನ್ನನ ಮನೆಯ ಮೆಟ್ಟಿಲು ಹತ್ತಿದರು. ಅವನ ಹೆಂಡತಿ ಸ್ತೊಯ್ನಾ ಬಾಗಿಲಲ್ಲೇ ಎಲ್ಲರ ಕೆನ್ನೆಗೂ ಮುತ್ತಿಟ್ಟು, ಮಗುವನ್ನು ಒಳಗೆ ಎಳೆದುಕೊಂಡಳು.

ನೆವೆನಾ ಬಾಗಿ ಲ್ಯೂಬೆನ್ನನ ಕೈಗೆ ಮುತ್ತಿಟ್ಟಳು. “ಕ್ಷಮಿಸಿ, ಕುಮೆ.”

“ಕ್ಷಮಿಸಿದೆ, ದೇವರೂ ಕ್ಷಮಿಸ್ಲಿ,” ಎಂದ ಅವನು. ಆ ದಿನ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಅಲ್ಲಿಗೆ ಮುಗಿಸಬಹುದಿತ್ತು. ಇಂಥ ತಪ್ಪಿಗೆ ಎಂದು ಬಿಡಿಸಿ ಕೇಳುವ ರೂಢಿ ಇಲ್ಲ.

“ನಿಮ್ಮ ಕೀಲಿ ತೆಗೆದದ್ದು ನಾನು,” ಎಂದಳು ನೆವೆನಾ.

ಕಾಮೆನ್ ನೆಲ ನೋಡಿದ. ಲ್ಯೂಬೆನ್ ಒಂದು ಕಿತ್ತಳೆ ಎತ್ತಿಕೊಂಡು ಕುರ್ಚಿಯಲ್ಲಿ ಕೂತ.

“ಗೊತ್ತು. ತೆಗೆದೋರ ಹೆಸರು ಪರದೆ ಮೇಲೇ ಬರುತ್ತೆ, ಹುಡುಗಿ. ಅವತ್ತೇ ನೋಡಿದೆ.”

“ಮತ್ತೆ ಕ್ಯಾಂಟೀನಲ್ಲಿ ನನಗ್ಯಾಕೆ ಹೇಳಿದ್ರಿ, ಸ್ನೆಝಾನಾ ನಿಮ್ಮನ್ನ ಕರೆದಿದ್ದು?”

“ನೀನೂ ಹೇಳ್ತೀಯೇನೋ ಅಂತ.”

ಒಳಕೋಣೆಯಲ್ಲಿ ಸ್ತೊಯ್ನಾ ಮಗುವಿಗೆ ದಾರದಲ್ಲಿ ತೂಗುಬಿಟ್ಟ ಬೇಯಿಸಿದ ಮೊಟ್ಟೆಯನ್ನು ಬಾಯಿಂದ ಹಿಡಿಯುವ ಆಟ ಆಡಿಸುತ್ತಿದ್ದಳು. ಮಗು ಕಿಲಕಿಲ ನಗುತ್ತಿತ್ತು.

“ದಂಡೆ ಮೇಲೆ ನೀನು ನಿಂತಿದ್ದೂ ಗೊತ್ತು,” ಎಂದ ಲ್ಯೂಬೆನ್. “ಆ ಗೂಡಂಗಡಿ ಅಷ್ಟು ಅಗಲ ಇಲ್ಲ. ಆ ವ್ಯಾನಿನವ್ನು ಆಚೆ ದಡದ ಜುರ್ಜು ಊರಿನವನು, ವಸಿಲೆ. ಆಚೆ ಹಳ್ಳಿಗಳಲ್ಲಿ ಇನ್ನೂ ನಮ್ಮ ಥರದ್ದೇ ಹಳೇ ಕಪಾಟು ನಡೀತಿದೆ. ಬಿಡಿಭಾಗ ಎಲ್ಲೂ ಸಿಗಲ್ಲ. ನಮ್ಮ ಕಪಾಟುಗಳಲ್ಲಿ ಬಿದ್ದಿರೋ ಸರ್ಕ್ಯೂಟ್ ಹಲಗೆಗಳನ್ನ ಕೊಡ್ತಿದ್ದೆ.”

“ಕಂಪನಿಗೆ ಗೊತ್ತಾಗಿದ್ರೆ?”

“ಕೊಡು ಅಂದೋಳೇ ಸ್ನೆಝಾನಾ. ಗುಜರಿಗೆ ಹೋಗೋ ಬದಲು ಹೋಗ್ಲಿ ಬಿಡು ಅಂದ್ಳು. ಶರತ್ಕಾಲದಲ್ಲೇ.”

ನೆವೆನಾ ಕೂತುಬಿಟ್ಟಳು. ಅಂದರೆ ಚೀಲದಲ್ಲಿ ಏನಿದೆ ಎಂದು ಬಲ್ಲವಳೇ, ಕಣ್ಣಿಡು ಎಂದು ತನ್ನನ್ನು ಕಳಿಸಿದ್ದಳು.

ಅವಳು ಕೇಳಿದಳು: “ನನ್ನ ಮೇಲೆ ಕಣ್ಣಿಡು ಅಂದಾಗ ನೀವೇನಂದ್ರಿ, ಕುಮೆ?”

ಲ್ಯೂಬೆನ್ ಕಿತ್ತಳೆಯ ಸಿಪ್ಪೆ ಸುಲಿಯುತ್ತಿದ್ದ. “ಯೋಚನೆ ಮಾಡಿ ಹೇಳ್ತೀನಿ ಅಂದೆ.”

“ಹೇಳಿದ್ರಾ?”

ಅವನು ಒಂದು ತೊಳೆ ಬಿಡಿಸಿ ಅವಳ ಕೈಗೆ ಕೊಟ್ಟ. “ತಿನ್ನು,” ಎಂದ. “ಕ್ಷಮೆ ಆಯ್ತಲ್ಲ, ಇನ್ನೇನು.”

ಮೇ ತಿಂಗಳಲ್ಲಿ ಕಪಾಟುಗಳನ್ನು ಹೊತ್ತೊಯ್ದರು. ಸ್ನೆಝಾನಾಳಿಗೆ ಸೋಫಿಯಾಕ್ಕೆ ಬಡ್ತಿಯಾಯಿತು. ಲ್ಯೂಬೆನ್ ವಸಿಲೆಯ ಜೊತೆ ಕೆಲಸಕ್ಕೆ ಸೇರಿಕೊಂಡು ದಿನಾ ಬೆಳಿಗ್ಗೆ ಸೇತುವೆ ದಾಟುತ್ತಾನೆ. ನೆವೆನಾಳ ಮನೆಗೆ ಈಗಲೂ ಬರುತ್ತಾನೆ, ಮಗುವಿಗೆ ಚಾಕೊಲೇಟು ತರುತ್ತಾನೆ, ಕಾಮೆನ್ ಜೊತೆ ಹಣ್ಣಿನ ಮದ್ಯ ರಕಿಯಾ ಕುಡಿಯುತ್ತಾನೆ, ಹಳೆಯ ಹಾಗೇ ಕಿಚಾಯಿಸುತ್ತಾನೆ. ಆಫೀಸಲ್ಲಿ ಏನು ಸಮಾಚಾರ ಎಂದು ಅವನು ಕೇಳಿದಾಗ ಮಾತ್ರ ನೆವೆನಾ ಉತ್ತರವನ್ನು ಒಮ್ಮೆ ಬಾಯೊಳಗೆ ತಿರುಗಿಸಿ ನೋಡಿ ಆಮೇಲೆ ಹೇಳುತ್ತಾಳೆ. ಅವನೂ ಅದನ್ನು ಗಮನಿಸುತ್ತಾನೆ, ಮತ್ತು ಗಮನಿಸದವನಂತೆ ಗ್ಲಾಸು ಎತ್ತಿಕೊಳ್ಳುತ್ತಾನೆ.